ಕಾರ್ನರ್ ಕಿಕ್ಕಿನ ಮೂರನೇ ಸ್ವರ

ಮಂಗಳವಾರ ಸಂಜೆ
ಪರದೆ ಅಂಗಡಿಯಿಂದ

ಪ್ರೀತಿಯ ಕಹಳೆಯವರಿಗೆ,

ಕ್ಷೇಮವೇ ಎಂದು ಕೇಳಿ ಪತ್ರ ಶುರು ಮಾಡಬೇಕು. ಹಾಗೆ ಕೇಳಲು ನನಗೆ ಮುಖವೆಲ್ಲಿದೆ? ಹಿಂದಿನ ಪಂದ್ಯದ ದಿನ ಇಡೀ ಕ್ರೀಡಾಂಗಣವನ್ನು ಎಬ್ಬಿಸಿ ನಿಲ್ಲಿಸಿ, ಎದುರು ತಂಡದ ಅಭಿಮಾನಿಗಳಿಂದಲೂ ಟೋಪಿ ತೆಗೆಸಿ, ನಿಮ್ಮ ಆತ್ಮಕ್ಕೆ ಶಾಂತಿ ಕೋರಿಸಿದವಳು ನಾನು. ಇವತ್ತು ಮಧ್ಯಾಹ್ನ ನಿಮ್ಮ ಕಾರ್ಡು ಕೈಗೆ ಬಂತು. ಕೊನೆಯಲ್ಲಿ “ಇತಿ, ಇನ್ನೂ ಬದುಕಿರುವ ಕಹಳೆ” ಎಂದು ಸಹಿ ಹಾಕಿದ್ದೀರಿ. ನಗಬೇಕೋ ಅಳಬೇಕೋ ತಿಳಿಯದೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂತುಬಿಟ್ಟೆ. ಯಾರದೋ ಮನೆಯ ಹೊಸ ಪರದೆ ಒದ್ದೆಯಾಗಿದೆ, ಇಸ್ತ್ರಿ ಮಾಡಿಯೇ ಕೊಡಬೇಕು.

“ಉತ್ತರ ಸ್ಟ್ಯಾಂಡಿನ ಡ್ರಮ್ಮಿನವರಿಗೆ” ಎಂದಷ್ಟೇ ಬರೆದು ಕ್ರೀಡಾಂಗಣದ ವಿಳಾಸಕ್ಕೆ ಹಾಕಿದ್ದಿರಿ. ಗೇಟಿನವರು ಅದನ್ನು ನಮ್ಮ ಡ್ರೈವರಣ್ಣನಿಗೆ ಕೊಟ್ಟರಂತೆ. ಅವರು ಬಸ್ಸನ್ನು ಡಿಪೋದಲ್ಲಿ ಬಿಟ್ಟು ನೇರ ಅಂಗಡಿಗೆ ಬಂದರು. ಪಂದ್ಯದ ದಿನ ಕೈಮೈಕು ಹಿಡಿದು ಸ್ಟ್ಯಾಂಡಿಗೆ ಸ್ಟ್ಯಾಂಡನ್ನೇ ಕೂಗಿಸುವ ಮನುಷ್ಯ ಇವತ್ತು ಪಿಸುದನಿಗೆ ಇಳಿದಿದ್ದರು. ಕಾರ್ಡನ್ನು ನನ್ನ ಮುಂದಿಟ್ಟು, “ಏನ್ ಮಾಡ್ಬಿಟ್ವಿ ಅಕ್ಕಾ ನಾವು” ಎಂದು ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತರು.

ಏನು ಮಾಡಿಬಿಟ್ಟೆವು ಎಂದು ನಿಮಗೂ ತಿಳಿಯಬೇಕು. ಬದುಕಿದ್ದವರನ್ನು ಸಾಯಿಸಿದ ತಪ್ಪಿಗೆ ಕಾರಣವನ್ನಾದರೂ ಹೇಳದಿದ್ದರೆ ಹೇಗೆ?

ಕಳೆದ ವಾರ ಡ್ರಮ್ಮಿಗೆ ಹೊಸ ಚರ್ಮ ಹಾಕಿಸಲು ಹಳೆಯ ವಾದ್ಯಗಳ ಅಂಗಡಿಗೆ ಹೋಗಿದ್ದೆ. ಗಾಜಿನ ಹಿಂದೆ ನಿಮ್ಮ ಟ್ರಂಪೆಟ್ ಕೂತಿತ್ತು. ಮೊದಲು ನಂಬಲಿಲ್ಲ. ನಮ್ಮ ತಂಡ ಮೇಲಿನ ದರ್ಜೆಗೆ ಏರಿದ ದಿನ ಡ್ರೈವರಣ್ಣ ಕುಣಿಯುತ್ತಾ ಅದರ ಮೇಲೆ ಬಿದ್ದು ಬಾಯಿಯ ಅಂಚು ತಗ್ಗಾಗಿತ್ತಲ್ಲ, ಆ ತಗ್ಗು ಅಲ್ಲೇ ಇತ್ತು. ಪಕ್ಕದಲ್ಲಿ ನಾನು ಉಳಿದ ಪರದೆ ಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದ ಹಸಿರು ಚೀಲ. ನನ್ನ ಹೊಲಿಗೆ ನನಗೆ ಗುರುತು ಸಿಗದೆ ಇರುತ್ತದೆಯೇ? ಅಂಗಡಿಯವರು, “ಯಾರೋ ಒಬ್ರು ತಂದು ಕೊಟ್ರಮ್ಮ. ಮನೆ ಖಾಲಿ ಮಾಡ್ತಿದ್ದಾರಂತೆ, ವಯಸ್ಸಾದೋರೊಬ್ಬರ ಸಾಮಾನಂತೆ” ಎಂದರು.

ಆಗ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆ ವಯಸ್ಸಾದವರು ಎಲ್ಲಿದ್ದಾರೆ ಎಂದು. ಕೇಳಲಿಲ್ಲ ನಾನು. ಕೇಳಿದಷ್ಟು ಹಣ ಕೊಟ್ಟು, ಡ್ರಮ್ಮನ್ನು ಅಲ್ಲೇ ಬಿಟ್ಟು, ಟ್ರಂಪೆಟ್ಟನ್ನು ಎದೆಗವಚಿಕೊಂಡು ಬಂದೆ. ಡ್ರೈವರಣ್ಣ ಅದನ್ನು ನೋಡಿ ಕಣ್ಣೊರೆಸಿಕೊಂಡು, “ಉಸಿರಿರೋವರೆಗೂ ಅವ್ರು ಇದನ್ನ ಬೇರೆಯವ್ರ ಕೈಗೆ ಕೊಡೋರಲ್ಲ” ಎಂದರು. ಸ್ಟ್ಯಾಂಡಿನಲ್ಲಿ ಒಬ್ಬರಾದರೂ ಬೇರೆ ಮಾತಾಡಬೇಕಲ್ಲ? ಎಲ್ಲರೂ ಹೌದೆಂದು ತಲೆಯಾಡಿಸಿದರು. ಟ್ರಂಪೆಟ್ ಅಂಗಡಿಯಲ್ಲಿದೆ ಎಂದರೆ ನೀವು ಮಣ್ಣಲ್ಲಿದ್ದೀರಿ, ಇದರಲ್ಲಿ ನಮಗೆ ಯಾರಿಗೂ ಅನುಮಾನವೇ ಬರಲಿಲ್ಲ.

ಹಲ್ಲು ಕೀಳಿಸಿದ್ದಾರೆ, ಕಟ್ಟಿಸಿದ ಹಲ್ಲಿನಲ್ಲಿ ಊದಲಾಗುವುದಿಲ್ಲ, ಅದಕ್ಕೇ ಸೋದರಳಿಯನ ಕೈಗೆ ಕೊಟ್ಟು ಮಾರಿಸಿದ್ದಾರೆ ಎಂಬ ಯೋಚನೆ ಯಾರ ತಲೆಗೆ ಹೊಳೆಯಬೇಕು ಹೇಳಿ. ಕಾರ್ಡು ಓದಿದ ಮೇಲೆ ತಿಳಿಯಿತು. ಇಷ್ಟು ವರ್ಷ ನಿಮ್ಮ ಪಕ್ಕ ನಿಂತವಳು ನಾನು. ಊದುವ ಮೊದಲು ಟ್ರಂಪೆಟ್ಟಿನ ತುದಿಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡುತ್ತೀರಿ ಎಂದು ಗೊತ್ತು. ಅರ್ಧ ವಿರಾಮದಲ್ಲಿ ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಡ್ರಮ್ಮಿನ ಮೇಲೆ ಇಡುತ್ತೀರಿ ಎಂದು ಗೊತ್ತು. ನೀವು ಯಾವ ಬೀದಿಯವರು, ಮನೆಯಲ್ಲಿ ಯಾರಿದ್ದಾರೆ, ಹಲ್ಲು ನೋಯುತ್ತದೆಯೇ, ಇದೊಂದೂ ಗೊತ್ತಿಲ್ಲ. ಬೆರಳಿನ ಗ್ರೀಸ್ ನೋಡಿ ಗ್ಯಾರೇಜಿನವರು ಎಂದುಕೊಂಡಿದ್ದೆ. ನೀವು ಬರುವುದು ನಿಂತಾಗ ಊರಿನ ಗ್ಯಾರೇಜುಗಳನ್ನೆಲ್ಲ ಸುತ್ತಿ, “ಟ್ರಂಪೆಟ್ ಊದುವವರು ಯಾರಾದರೂ ಇಲ್ಲಿ ಕೆಲಸ ಮಾಡ್ತಾರಾ” ಎಂದು ಕೇಳಿ ಹುಚ್ಚಿ ಎನ್ನಿಸಿಕೊಂಡು ಬಂದೆ. ನೀವು ನೋಡಿದರೆ ಲಿಫ್ಟ್ ರಿಪೇರಿಯವರು! ಅಷ್ಟನ್ನಾದರೂ ಒಂದು ದಿನ ಬಾಯಿಬಿಟ್ಟು ಹೇಳಬಾರದಿತ್ತೇ? ಅಥವಾ ನಾನಾದರೂ ಕೇಳಬಾರದಿತ್ತೇ?

ಬೈದು ಹಗುರಾಗುವ ಮನಸ್ಸು ನನ್ನದು, ಕ್ಷಮಿಸಿ. ಈಗ ನಿಮ್ಮ ಕಾರ್ಡಿನ ಎರಡನೇ ಸಾಲಿಗೆ ಬರುತ್ತೇನೆ. ಅದನ್ನು ಓದಿದಾಗಿನಿಂದ ಒಂದು ಪರದೆಯೂ ಹೊಲಿದಿಲ್ಲ. “ಕೊನೆಯ ಪಂದ್ಯದಲ್ಲಿ ನನ್ನ ಸ್ವರ ಒಡೆದಾಗ ನೀವು ಡ್ರಮ್ ಜೋರು ಮಾಡಿದಿರಿ. ಸಾಕು ನಿಲ್ಲಿಸಿ ಎಂದು ಹೇಳಿದಿರೆಂದು ಅರ್ಥವಾಯಿತು” ಎಂದು ಬರೆದಿದ್ದೀರಿ.

ಹಾಗಲ್ಲ. ಖಂಡಿತ ಹಾಗಲ್ಲ.

ಆವತ್ತು ನಮಗೆ ಕಾರ್ನರ್ ಕಿಕ್ ಸಿಕ್ಕಿತು. ಎಂದಿನಂತೆ ನಿಮ್ಮ ಕಾರ್ನರ್ ರಾಗಕ್ಕಾಗಿ ಜನ ತಣ್ಣಗಾಗಿ ನಿಮ್ಮ ಕಡೆ ನೋಡಿದರು. ಒಂದನೇ ಸ್ವರ ಬಂತು, ಎರಡನೆಯದು ಏರಿತು, ಮೂರನೆಯದಕ್ಕೆ ಬರೀ ಗಾಳಿ. ನೀವು ತುಟಿ ಒರೆಸಿಕೊಂಡು ಮತ್ತೆ ಊದಿದಿರಿ. ಮತ್ತೆ ಗಾಳಿ. ಮೇಲಿನ ಮೆಟ್ಟಿಲಲ್ಲಿ ಯಾರೋ ನಕ್ಕರು. ಆ ನಗು ನಿಮ್ಮ ಕಿವಿಗೆ ಬೀಳಬಾರದೆಂದು ನಾನು ತೋಳಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಾರಿಸಿದೆ. ನಿಮ್ಮನ್ನು ಮುಚ್ಚಲು ಬಾರಿಸಲಿಲ್ಲ, ಅವರನ್ನು ಮುಚ್ಚಲು ಬಾರಿಸಿದೆ. ಅದು ನಿಮಗೆ ಹೇಗೆ ಕೇಳಿಸಬಹುದು ಎಂದು ಯೋಚಿಸಲಿಲ್ಲ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಅದೇ ಕಾರ್ನರಿನಿಂದ ಗೋಲ್ ಆಯಿತು. ಮೈಮರೆತು ಕುಣಿದೆ. ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡೆ. ತಿರುಗಿ ನೋಡಿದರೆ ನೀವು ಚೀಲ ಹೆಗಲಿಗೇರಿಸಿಕೊಂಡು ಗುಂಪಿನ ನಡುವೆ ಮೆಟ್ಟಿಲಿಳಿಯುತ್ತಿದ್ದಿರಿ. ಬಸ್ಸಿಗೆ ಹೊತ್ತಾಗಿರಬೇಕು, ಮುಂದಿನ ವಾರ ಸಿಗುತ್ತಾರಲ್ಲ ಎಂದುಕೊಂಡೆ. ಡ್ರಮ್ಮನ್ನು ಅಲ್ಲೇ ಇಟ್ಟು ನಿಮ್ಮ ಹಿಂದೆ ಓಡಬೇಕಿತ್ತು. ಒಂದು ಗೋಲಿನ ಸಂತೋಷಕ್ಕೆ ನಿಮ್ಮನ್ನು ಹೋಗಗೊಟ್ಟೆ.

ನಿಮಗೆ ನೆನಪಿದೆಯೋ ಇಲ್ಲವೋ. ನಮ್ಮ ಯಜಮಾನರು ತೀರಿಕೊಂಡಾಗ ನಮ್ಮ ಸ್ಟ್ಯಾಂಡಿನ ಕ್ರಮದಂತೆ ಪಂದ್ಯಕ್ಕೆ ಮುಂಚೆ ಕಾರ್ನರ್ ರಾಗವನ್ನು ನಿಧಾನವಾಗಿ ನುಡಿಸಿ ಅವರನ್ನು ಬೀಳ್ಕೊಟ್ಟವರು ನೀವು. ಅವರು ನಿಲ್ಲುತ್ತಿದ್ದ ಕಡೆ ಕಂಬಿಗೆ ಮಫ್ಲರ್ ಕಟ್ಟಿದವರೂ ನೀವೇ. ಮುಂದಿನ ಪಂದ್ಯಕ್ಕೆ ಅವರ ಡ್ರಮ್ ಹೊತ್ತುಕೊಂಡು ನಾನು ಬಂದಾಗ ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ನೀವು ಮಾತ್ರ ಒಂದು ಹೆಜ್ಜೆ ಸರಿದು ಜಾಗ ಮಾಡಿಕೊಟ್ಟು, “ಏನ್ರೀ, ಮೂರನೇ ಸ್ವರ ಆದ್ಮೇಲೆ ಎರಡು ಪೆಟ್ಟು, ಅಷ್ಟೇ” ಎಂದಿರಿ. ದುಃಖಪಡಬೇಡಿ, ಧೈರ್ಯ ತಂದುಕೊಳ್ಳಿ ಎಂದೆಲ್ಲ ಹೇಳಿ ಹೇಳಿ ಊರೇ ನನ್ನನ್ನು ಸುಸ್ತು ಮಾಡಿತ್ತು. ಎರಡು ಪೆಟ್ಟು ಹೊಡೆಯಲು ಹೇಳಿದವರು ನೀವೊಬ್ಬರೇ. ನನಗೆ ಬೇಕಾಗಿದ್ದದ್ದೂ ಅದೇ. ಆಮೇಲೆ ಸ್ಟ್ಯಾಂಡೆಲ್ಲ ನನ್ನನ್ನು ಡ್ರಮ್ಮಕ್ಕ ಎಂದು ಕರೆಯಿತು, ನೀವು ಮಾತ್ರ ಕೊನೆಯವರೆಗೂ “ಏನ್ರೀ” ಎಂದೇ ಕರೆದಿರಿ.

ಕೊನೆಯವರೆಗೂ ಎಂದು ಬರೆದೆ ನೋಡಿ. ಕೈಗೆ ಇನ್ನೂ ಅಭ್ಯಾಸ ತಪ್ಪಿಲ್ಲ.

ನಿಮ್ಮ ಬೀಳ್ಕೊಡುಗೆಯನ್ನು ನೀವು ರೇಡಿಯೋದಲ್ಲಿ ಕೇಳಿದಿರಂತೆ. ರೇಡಿಯೋದವರು ಎಲ್ಲವನ್ನೂ ಹೇಳಿರಲಾರರು, ಆದ್ದರಿಂದ ನಾನು ಹೇಳುತ್ತೇನೆ. ನಿಮ್ಮ ಜಾಗದ ಕಂಬಿಗೆ ಮಫ್ಲರ್ ಕಟ್ಟಿ, ಅದರ ಮೇಲೆ ಟ್ರಂಪೆಟ್ ಇಟ್ಟೆವು. ರೆಫರಿ ಸೀಟಿ ಕೈಯಲ್ಲಿ ಹಿಡಿದು ಕಾದರು. ಆಗ ಡ್ರೈವರಣ್ಣನಿಗೆ ಹೊಳೆಯಿತು, ರಾಗ ನುಡಿಸಬೇಕಾದವರು ನೀವು, ನೀವೇ ಇಲ್ಲ. ಅವರು ಕೈಮೈಕು ಕೆಳಗಿಟ್ಟು ಬರೀ ಬಾಯಲ್ಲೇ ರಾಗ ಎತ್ತಿದರು. ಪಕ್ಕದವರು ಸೇರಿದರು, ಅವರ ಹಿಂದಿನವರು ಸೇರಿದರು, ಎದುರಿನ ಸ್ಟ್ಯಾಂಡೂ ಸೇರಿತು. ಮಾತಿಲ್ಲದ ರಾಗ, ಎಲ್ಲರಿಗೂ ಬಾಯಿಪಾಠ. ಮೂರನೇ ಸ್ವರಕ್ಕೆ ಬಂದಾಗ ಸಾವಿರಾರು ಗಂಟಲು ಒಟ್ಟಿಗೆ ಒಡೆದವು. ಆ ಎತ್ತರ ಯಾರಿಗೂ ಸಿಗಲಿಲ್ಲ. ಯಾರೂ ನಗಲಿಲ್ಲ. ಆವತ್ತು ನಕ್ಕವನೂ ಅಲ್ಲೇ ಎಲ್ಲೋ ನಿಂತು ಅಳುತ್ತಿದ್ದಿರಬೇಕು.

ನೀವಿದ್ದಾಗ ಅದರಲ್ಲಿ ಒಂದು ಪಾಲನ್ನಾದರೂ ನಿಮ್ಮ ಎದುರಿಗೆ ಹಾಡಬಾರದಿತ್ತೇ ಎಂದು ಅನ್ನಿಸಿತು. ನಿಮ್ಮ ಸ್ವರ ಒಡೆದ ದಿನ ನಾನು ಡ್ರಮ್ ಬಾರಿಸುವ ಬದಲು ಬಾಯಿ ತೆರೆದು ಆ ಮೂರನೇ ಸ್ವರ ಹಾಡಿದ್ದರೆ ಪಕ್ಕದವರೂ ಹಾಡುತ್ತಿದ್ದರು. ಅಷ್ಟು ಸುಲಭದ್ದು ಆವತ್ತು ನನಗೆ ತೋಚಲಿಲ್ಲ.

ಅದಾದ ಮೇಲೆ ಪಂದ್ಯ ಶುರುವಾಯಿತು. ಬೀಳ್ಕೊಟ್ಟವರ ಜಾಗವನ್ನು ಸೀಸನ್ ಮುಗಿಯುವವರೆಗೂ ಖಾಲಿ ಬಿಡುವ ಹಾಗೆ, ಅವರ ರಾಗವನ್ನೂ ಯಾರೂ ಮುಟ್ಟುವುದಿಲ್ಲ. ಕಾರ್ನರ್ ಸಿಕ್ಕಿತು, ಸ್ಟ್ಯಾಂಡ್ ಮೌನ. ಇನ್ನೊಂದು ಸಿಕ್ಕಿತು, ಮೌನ. ಆ ಮೌನ ಕ್ಲಬ್ಬಿನವರಿಗೆ ಸಹಿಸಲಾಗದೆ ಧ್ವನಿವರ್ಧಕದಲ್ಲಿ ಯಾವುದೋ ಸೋಪಿನ ಜಾಹೀರಾತಿನ ಸಂಗೀತ ಹಾಕಿದರು. ನೀವು ನಿಜವಾಗಿ ಸತ್ತಿದ್ದರೂ ಎದ್ದು ಬಂದು ಆ ತಂತಿ ಕೀಳುತ್ತಿದ್ದಿರಿ. ಸೋತೆವು ಎಂದು ಬೇರೆ ಹೇಳಬೇಕಾಗಿಲ್ಲ.

ಕ್ರೀಡಾಂಗಣದ ಮೈಕಿನಲ್ಲಿ ಓದಿದ ಘೋಷಣೆಯ ಕೊನೆಯಲ್ಲಿ “ಮೃತರು ಪತ್ನಿ ಹಾಗೂ ಅಪಾರ ಅಭಿಮಾನಿಗಳನ್ನು ಅಗಲಿದ್ದಾರೆ” ಎಂದರಲ್ಲ, ನಿಮಗೆ ಮದುವೆಯೇ ಆಗಿಲ್ಲ, ಆ ಪತ್ನಿ ಯಾರು ಎಂದು ಕೇಳಿದ್ದೀರಿ. ಘೋಷಣೆಯವನಿಗೆ ಯಾರೋ ತಪ್ಪು ತಿಳಿಸಿರಬೇಕು. ಗಡಿಬಿಡಿಯಲ್ಲಿ ಇಂಥವು ಆಗುತ್ತವೆ. ಅದನ್ನು ದೊಡ್ಡದು ಮಾಡಬೇಡಿ.

ಭಾನುವಾರ ಸೋದರಳಿಯನ ಸಂಸಾರದ ಜೊತೆ ಊರು ಬಿಡುತ್ತಿದ್ದೇನೆ, ಮತ್ತೆ ಬರುವುದಿಲ್ಲ, ಹೇಗೂ ಬೀಳ್ಕೊಡುಗೆ ಆಗಿದೆಯಲ್ಲ ಎಂದು ಮುಗಿಸಿದ್ದೀರಿ. ತಮಾಷೆಗೆ ಬರೆದಿದ್ದೀರೆಂದು ಗೊತ್ತು. ನನಗೆ ನಗು ಬರಲಿಲ್ಲ. ಭಾನುವಾರಕ್ಕೆ ಮುಂಚೆ ಶನಿವಾರವಿದೆ, ಶನಿವಾರ ನಮ್ಮ ಮೈದಾನದಲ್ಲೇ ಪಂದ್ಯವಿದೆ. ಬನ್ನಿ.

ಬೀಳ್ಕೊಟ್ಟವರನ್ನು ವಾಪಸು ಕರೆದುಕೊಳ್ಳುವ ಕ್ರಮ ನಮ್ಮಲ್ಲಿಲ್ಲವಲ್ಲ ಎಂದು ಡ್ರೈವರಣ್ಣನನ್ನು ಕೇಳಿದೆ. “ಮೊದ್ಲು ಅವ್ರನ್ನ ಬರಕ್ಕೆ ಹೇಳಿ. ನಾನು ಹೊಟ್ಟೆ ತುಂಬ ಬೈತೀನಿ, ಆಮೇಲೆ ಕಂಬಿ ಮೇಲಿನ ಮಫ್ಲರ್ ಅವ್ರ ಕೈಲೇ ಬಿಚ್ಚಿಸ್ತೀನಿ. ಇವತ್ತಿಂದ ಅದೇ ಕ್ರಮ” ಎಂದರು. ಟ್ರಂಪೆಟ್ ನನ್ನ ಹತ್ತಿರ ಭದ್ರವಾಗಿದೆ. ಊದಲು ಬೇಡ, ಸುಮ್ಮನೆ ಹಿಡಿದುಕೊಂಡು ನಿಂತರೂ ಸಾಕು. ಅದೂ ಬೇಡವೆಂದರೆ ಬರಿಗೈಯಲ್ಲಿ ಬನ್ನಿ. ಟ್ರಂಪೆಟ್ ಇಲ್ಲದಿದ್ದರೆ ನನಗೆ ಅಲ್ಲಿ ಏನು ಕೆಲಸ ಎಂದು ಕೇಳಿದ್ದೀರಿ. ನನ್ನ ಪಕ್ಕ ನಿಲ್ಲುವುದು ಕೆಲಸ ಎಂದುಕೊಳ್ಳಿ.

ನಮಗೆ ಮೊದಲ ಕಾರ್ನರ್ ಸಿಕ್ಕಾಗ ನಾನು ಕೋಲುಗಳನ್ನು ಕೆಳಗಿಟ್ಟು ಕಾಯುತ್ತೇನೆ. ನೀವು ಬಂದಿದ್ದರೆ ಬಾಯಲ್ಲೇ ಮೊದಲ ಸ್ವರ ಎತ್ತಿ. ಮೂರನೆಯದು ಒಡೆದರೆ ಒಡೆಯಲಿ, ಈ ಸಲ ನಾನು ಮುಚ್ಚುವುದಿಲ್ಲ. ಬರದಿದ್ದರೆ ಆ ಹೊತ್ತಿಗೆ ರೇಡಿಯೋ ಕೇಳಿ. ಸೋಪಿನ ಸಂಗೀತಕ್ಕೂ ಮುಂಚೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಅದು ನಾನು ಕಾಯುತ್ತಿರುವ ಹೊತ್ತು.

ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಬಿಸಿಯಾದ, ಮೆತ್ತಗಿನ ಊಟ ನಿಧಾನವಾಗಿ ಮಾಡಿ. ಹೊಸ ಹಲ್ಲಿಗೆ ಪೆಪ್ಪರ್‌ಮೆಂಟು ಆಗದಿರಬಹುದು, ಆದರೂ ಎರಡು ತಂದಿರುತ್ತೇನೆ.

ಇತಿ,
ನಿಮ್ಮ “ಏನ್ರೀ”

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಘೋಷಣೆಯವನಿಗೆ ತಪ್ಪು ತಿಳಿಸಿದ ಆ ಯಾರೋ ನಾನೇ. ಪಂದ್ಯಕ್ಕೆ ಮುಂಚೆ ಅವನು ಬಂದು, “ನೀವು ಅವ್ರಿಗೆ ಏನಾಗ್ಬೇಕು” ಎಂದು ಕೇಳಿದ. ಟ್ರಂಪೆಟ್ ನನ್ನ ಮಡಿಲಲ್ಲಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದವಳು ಎನ್ನಲು ನಾಲಿಗೆ ಬರಲಿಲ್ಲ, ಹೆಂಡತಿ ಎಂದುಬಿಟ್ಟೆ. ಇಲ್ಲವೆನ್ನಲು ನೀವು ಇರಲಿಲ್ಲವಲ್ಲ, ಆ ಧೈರ್ಯ. ಈಗ ಇದ್ದೀರಿ. ಇಲ್ಲವೆನ್ನುವುದಿದ್ದರೆ ಕಾರ್ಡಿನಲ್ಲಿ ಬರೆಯಬೇಡಿ, ಶನಿವಾರ ಬಂದು ನನ್ನ ಎದುರಿಗೇ ಹೇಳಿ.