ಎರಡು ಸಲ ತುಳಿಯುವ ಬ್ರೇಕು

ತರೀಕೆರೆ
೧೨-೩-೧೯೮೧

ಎಮ್ಮೆದೊಡ್ಡಿಯ ಚಿಕ್ಕಬೀರಪ್ಪನವರಿಗೆ ನಮಸ್ಕಾರಗಳು.

ಭಾನುವಾರ ನೀವು ದುಡ್ಡು ಕೊಟ್ಟು ಕೊಂಡೊಯ್ಯಲಿರುವ ನಮ್ಮ ಹಳೇ ಪಿಕಪ್ಪಿನ ಬ್ರೇಕು ಎರಡು ಸಲ ತುಳಿದರೆ ಮಾತ್ರ ಹಿಡಿಯುತ್ತದೆ. ಮೊನ್ನೆ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಯಜಮಾನರೇ ಓಡಿಸಿದ್ದು ಅದಕ್ಕೇ.

“ಅಕ್ಕೋರೆ, ಮನೆಯೋರ್ನೆಲ್ಲ ತುಂಬ್ಕೊಂಡು ಮೊದ್ಲು ಕೆಮ್ಮಣ್ಣುಗುಂಡಿ ಹತ್ತಿಸ್ತೀನಿ ಕಣ್ರೀ” ಎಂದು ನೀವು ನಕ್ಕಾಗ, ನಾನು ಕಾಫಿ ಕೊಟ್ಟು ಸುಮ್ಮನೆ ಒಳಗೆ ಹೋದೆ. ಆಮೇಲೆ ಕೇಳಿದ್ದಕ್ಕೆ ಇವರು, “ಓಡಿಸ್ತಾ ಓಡಿಸ್ತಾ ಅವ್ರಿಗೇ ಗೊತ್ತಾಗುತ್ತೆ ಬಿಡೇ” ಅಂದರು. ಘಾಟಿ ಇಳಿಯುವಾಗ ಗೊತ್ತಾದರೆ? ನನ್ನ ಮೌನವನ್ನು ಗಂಡನ ಮೇಲಿನ ಗೌರವ ಎಂದುಕೊಂಡಿದ್ದೆ. ಬರೀ ಹೆದರಿಕೆಯಿರಬೇಕು.

ದಯವಿಟ್ಟು ಬರುವಾಗ ಒಬ್ಬ ಮೆಕ್ಯಾನಿಕ್ಕನ್ನು ಕರೆತನ್ನಿ. ಗಾಡಿಯನ್ನು ನೀವೇ ಓಡಿಸಿ ನೋಡಿ. ಯಾರು ಹೇಳಿದರೆಂದು ಇವರು ಕೇಳಿದರೆ ನನ್ನ ಹೆಸರನ್ನೇ ಹೇಳಿ.

ಇಂತಿ,
ಮಲ್ಲಿಕಾಂಬ