ದೇವರ ಮುಂದೆಯೇ ಉಳಿದ ಪುಸ್ತಕ

ಪ್ರಕಾಶಕ ಮಹಾಶಯರೇ,

ನಿಮ್ಮ ಆರು ಸಾವಿರ ರೂಪಾಯಿಯ ಕಡಲಜೀವಶಾಸ್ತ್ರದ ಪುಸ್ತಕವನ್ನು ಹಂಪನಕಟ್ಟೆಯ ಅಂಗಡಿಯಿಂದ ತಂದು, ತೆರೆಯುವ ಮೊದಲೇ ಶಾರದಾ ಪೂಜೆಗೆ ಇಟ್ಟಿದ್ದೆ. ವಿಜಯದಶಮಿಯ ಬೆಳಿಗ್ಗೆ ಕೈಮುಗಿದು ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು. ಪುಸ್ತಕ ದೇವರ ಮುಂದೆಯೇ ಉಳಿಯಿತು. ಬೆನ್ನಿಗೆ ಒಂದೆಳೆ ನೂಲಿಲ್ಲ, ಬರೀ ಒಣಗಿದ ಅಂಟಿನ ಹುಡಿ. ಥೂ!

"ಶಾರದೆಗೇ ಮನಸ್ಸಿಲ್ಲ ಮಾರಾಯ್ತಿ, ಇನ್ನು ನಿನಗೆ ಪಿಎಚ್‌ಡಿ ಎಂತಕ್ಕೆ?" ಎಂದರು ಅತ್ತೆ. ಅಂದಿನಿಂದ ಮನೆಯವರೆಲ್ಲರ ಬಾಯಲ್ಲೂ ಅದೇ ಮಾತು.

ಬದಲಿ ಪ್ರತಿ ಕಳಿಸಬೇಡಿ, ಇನ್ನೊಂದು ಅಪಶಕುನ ನನಗೆ ಬೇಡ. ರಟ್ಟು ಕಿತ್ತುಬಂದದ್ದು ನಿಮ್ಮ ಹೊಲಸು ಅಂಟಿನಿಂದ, ಶಾರದೆಯ ಮುನಿಸಿನಿಂದಲ್ಲ ಎಂದು ಸಹಿ, ಸೀಲು ಹಾಕಿ ಬರೆದುಕೊಡಿ. ಕನ್ನಡದಲ್ಲೇ ಇರಲಿ. ಓದುವವರು ನನ್ನ ಅತ್ತೆ.

ಇಂತಿ,
ಇನ್ನೂ ಓದು ಬಿಡದ
ದೀಕ್ಷಿತಾ
ಬೈಕಂಪಾಡಿ, ಮಂಗಳೂರು