ಎಂಟನೆಯ ಮೂರು

ಮಂಗಳವಾರ, ಹದಿನಾಲ್ಕು.

ಹೆಡ್‌ಮಾಸ್ಟರ್ ಭಾವನವರ ನಗು ಇನ್ನೂ ಕಿವಿಯಲ್ಲಿದೆ. ಶಾಲೆಯ ಗೋಡೆಗೆ 333333331 ಬರೆಸುತ್ತಾರಂತೆ, 'ಅವಿಭಾಜ್ಯ ಸಂಖ್ಯೆ' ಎಂದು, ಕೆಳಗೆ ತಮ್ಮ ಹೆಸರು. 31, 331, 3331, ಹೀಗೆ ಏಳು ಮೂರುಗಳವರೆಗೆ ಎಲ್ಲವೂ ಅವಿಭಾಜ್ಯವೇ, ನಿಜ. ಎಂಟು ಮೂರಿನದನ್ನು ಭಾಗಿಸಿ ನೋಡಿದಿರಾ ಎಂದು ಕೇಳಿದೆ, ಅಷ್ಟೇ.

"ಅನ್ನಕ್ಕೆ ಒಂದಗುಳು ಸಾಕು ಕಣಮ್ಮ. ಲೆಕ್ಕದ ಉಸಾಬರಿ ನಿನಗ್ಯಾಕೆ? ಹೋಗು, ಕಾಫಿ ತಗೊಂಡ್ಬಾ" ಎಂದರು, ನೆಂಟರೆದುರು. ಇಪ್ಪತ್ತು ವರ್ಷದಿಂದ ನಾನೂ ಗಣಿತವನ್ನೇ ಕಲಿಸುತ್ತಿದ್ದೇನೆ. ಗಂಡನೂ ನಕ್ಕ.

ಹಾಲು ಉಕ್ಕುವಷ್ಟರಲ್ಲಿ ಭಾಗಿಸಿ ನೋಡಿದೆ. ಹದಿನೇಳರಿಂದ ಭಾಗಿಸಿದರೆ ಶೇಷ ಸೊನ್ನೆ! ಕಾಫಿ ಸೋಸಿ ಕೊಟ್ಟೆ.

ನಾಳೆ ಪೇಂಟರ್ ಬರುತ್ತಾನೆ. ಬರಲಿ. ಬಣ್ಣ ಚೆನ್ನಾಗಿ ಒಣಗಲಿ, ಉದ್ಘಾಟನೆಗೆ ಊರೆಲ್ಲ ಸೇರಲಿ. ಎಂಟನೆಯ ಅಗುಳಿನಲ್ಲಿ ಕಲ್ಲಿದೆ ಭಾವ. ಎಲ್ಲರೆದುರು ನೀವೇ ಕಚ್ಚಿ.